ಬೀಳುವಿಕೆ ಪತ್ತೆ ಸಾಧನ

ಬೀಳುವಿಕೆ ಪತ್ತೆ ಸಾಧನವು ವೃದ್ಧರು ಆಯತಪ್ಪಿ ಬಿದ್ದುದನ್ನು ತಾನಾಗಿಯೇ ಗುರುತಿಸಿ ಮನೆಯವರಿಗೆ ಅಥವಾ ತುರ್ತು ಸೇವೆಗೆ ಸುದ್ದಿ ಮುಟ್ಟಿಸುವ ಉಪಕರಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನರು ಬಿದ್ದು ಮರಣ ಹೊಂದುತ್ತಾರೆ. ಬಿದ್ದ ಪೆಟ್ಟು ಸಣ್ಣದಾಗಿದ್ದರೂ, ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೆಯೇ ಉಳಿದವರಲ್ಲಿ ಸ್ನಾಯುಗಳು ನಲುಗಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು.

ಕಾರ್ಯವಿಧಾನ

ಕೈಗಡಿಯಾರ ಅಥವಾ ಕೊರಳ ಪದಕದಲ್ಲಿರುವ ವೇಗೋತ್ಕರ್ಷ ಮಾಪಕವು ದೇಹದ ಹಠಾತ್ ಕುಸಿತ, ನೆಲಕ್ಕೆ ತಗಲಿದ ಆಘಾತ, ಅನಂತರದ ನಿಶ್ಚಲತೆ ಈ ಮೂರನ್ನೂ ಕ್ರಮವಾಗಿ ಗಮನಿಸುತ್ತದೆ. 2018ರಲ್ಲಿ ಬಂದ ಆಪಲ್ ವಾಚ್ ಸರಣಿ 4, ಧರಿಸಿದವರು ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ಕರೆ ಮಾಡುತ್ತಿತ್ತು. ಗೋಡೆ ಹಿಡಿದು ಮೆಲ್ಲನೆ ಜಾರಿದರೆ ಇಂತಹ ಸಾಧನಕ್ಕೆ ತಿಳಿಯದೆ ಹೋಗಬಹುದು. ಧಪ್ಪನೆ ಕುಳಿತರೆ ಸುಳ್ಳು ಎಚ್ಚರಿಕೆಯೂ ಬರಬಹುದು. ಸ್ನಾನಕ್ಕೆ ಹೋಗುವಾಗ ಕಳಚಿಟ್ಟ ಗಡಿಯಾರದಿಂದ ಪ್ರಯೋಜನವಿಲ್ಲ. ಬಚ್ಚಲುಮನೆಗೆ ಗೋಡೆಯ ರಾಡಾರ್ ಸಂವೇದಕವೇ ಮೇಲು. ಅದಕ್ಕೆ ಕ್ಯಾಮೆರಾ ಬೇಕಿಲ್ಲ.

ಬೆಂಗಳೂರಿನಲ್ಲಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಬಡಾವಣೆಗಳಲ್ಲಿ ಮಕ್ಕಳು ಪರದೇಶದಲ್ಲಿದ್ದು ಹಿರಿಯರಷ್ಟೇ ಇರುವ ಮನೆಗಳಿವೆ. ಎಚ್ಚರಿಕೆಯು ಅಮೆರಿಕದಲ್ಲಿರುವ ಮಗನ ಮೊಬೈಲಿಗೆ ತಲುಪಿದರೂ ಬಾಗಿಲು ತೆರೆಯಬೇಕಾದವರು ಪಕ್ಕದ ಮನೆಯವರೇ. ಆದುದರಿಂದ ಅವರ ಸಂಖ್ಯೆಯನ್ನು ಸಾಧನದಲ್ಲಿ ಸೇರಿಸುವುದೂ ಒಂದು ಬೀಗದ ಕೈಯನ್ನು ಅವರಲ್ಲಿ ಇರಿಸುವುದೂ ಅವಶ್ಯಕ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರೊಡನೆ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿಯು ಹಿರಿಯರ ದೂರು ಹಾಗೂ ಸಮಾಲೋಚನೆಗೆ ಸಂಬಂಧಿಸಿದ್ದು. ಬಿದ್ದವರಿಗಾಗಿ ಕರೆಯಬೇಕಾದುದು 108 ಆಂಬುಲೆನ್ಸ್ ಅಥವಾ 112.