ಮೆಣಸಿನ ನೀರು, ಹುಲ್ಲಿನ ನೀರು

1883ರಲ್ಲಿ ಬೆಂಗಳೂರಿನ ದಂಡಿಗೆ ಬಂದ ಯುವ ವೈದ್ಯ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯಾಚೆ ಇದ್ದ ನೀರಿನ ತೊಟ್ಟಿಯೊಂದರಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿರುವುದನ್ನು ಕಂಡ. ತೊಟ್ಟಿ ಮಗುಚಿಸಿದ, ಕಾಟ ಕಡಿಮೆಯಾಯಿತು. ಉಳಿದ ತೊಟ್ಟಿಗಳಿಗೂ ಹೀಗೇ ಮಾಡೋಣ ಎಂದರೆ ಸೇನಾಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಏನೋ ಕಾರಣಕ್ಕೆ ಸೃಷ್ಟಿಸಿರಬೇಕು, ಪ್ರಕೃತಿಯ ಕ್ರಮ ಕೆಡಿಸಬಾರದು ಎಂಬ ಧಾಟಿಯ ವಾದ ಆತನದು. ಹದಿನಾಲ್ಕು ವರ್ಷಗಳ ನಂತರ, 1897ರ ಆಗಸ್ಟ್‌ನಲ್ಲಿ, ಇದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಗುರುತಿಸಿದ.

ಮೈಸೂರು ಸೀಮೆಯ ಮಲೆನಾಡಿನ ಜ್ವರದ ಚರಿತ್ರೆ ನನ್ನ ಸಂಶೋಧನೆಯ ವಿಷಯ. ನನ್ನ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿ. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಹೊಸ ಹೆಸರಲ್ಲ. ಜ್ವರದಲ್ಲಿ ಮನೆಗೆ ಮನೆಯೇ ಖಾಲಿಯಾದ ಕತೆಗಳನ್ನು ಕೇಳಿ ಬೆಳೆದ ನಮ್ಮಜ್ಜಿಗೆ ಮಳೆಗಾಲದಲ್ಲಿ ಕವುಚಿ ಹಾಕದ ಪಾತ್ರೆ ಕಂಡರಾಗುತ್ತಿರಲಿಲ್ಲ. ಅಂಥ ಮನೆಯ ಹಿಂಬದಿಯ ಜಗಲಿಯಲ್ಲಿ ಈಗ ನಿಂತ ನೀರಿನ ಐದು ಗಾಜಿನ ಭರಣಿಗಳಿವೆ. ನಾನೇ ಇಟ್ಟದ್ದು, ಮೀನುಮರಿಗಳ ಊಟಕ್ಕೆ.

ಮೀನು ಸಾಕುವವರಿಗೆ ಇದು ಗೊತ್ತಿರುತ್ತದೆ, ಇತರರಿಗಾಗಿ ಹೇಳುತ್ತೇನೆ. ಮೊಟ್ಟೆಯಿಂದ ಆಗತಾನೇ ಹೊರಬಿದ್ದ ಮರಿಯ ಬಾಯಿ ಎಷ್ಟು ಸಣ್ಣದೆಂದರೆ ಅಂಗಡಿಯ ಪುಡಿ ಆಹಾರವೂ ಅದಕ್ಕೆ ದಪ್ಪವೇ. ಅಲ್ಲದೆ ಅಲುಗಾಡದ್ದನ್ನು ಅದು ತಿನ್ನುವ ವಸ್ತುವೆಂದೇ ಪರಿಗಣಿಸುವುದಿಲ್ಲ. ಹಾಗಾಗಿ ಜೀವಂತ ಆಹಾರವನ್ನು ಬೆಳೆಯಬೇಕು. ಭರಣಿಗೆ ಕೆರೆಯ ನೀರು ತುಂಬಿ, ಒಂದು ಹಿಡಿ ಒಣಹುಲ್ಲನ್ನೋ ಬಾಳೆಹಣ್ಣಿನ ಸಿಪ್ಪೆಯ ತುಣುಕನ್ನೋ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಡುತ್ತೇನೆ. ಎರಡು ಮೂರು ದಿನಕ್ಕೆ ನೀರು ಹಾಲಿನಂತೆ ಕದಡಿ ನಾರುತ್ತದೆ. ಅದು ಬ್ಯಾಕ್ಟೀರಿಯಾದ ಹಬ್ಬ. ಆಮೇಲೆ ಅವನ್ನು ತಿನ್ನುವ ಪ್ಯಾರಮೀಸಿಯಮ್‌ನಂಥ ಏಕಕೋಶ ಜೀವಿಗಳು ಹೆಚ್ಚುತ್ತವೆ, ನೀರು ಮೆಲ್ಲಗೆ ತಿಳಿಯಾಗುತ್ತದೆ. ಆಗ ಭರಣಿಯನ್ನು ಬೆಳಕಿಗೆ ಹಿಡಿದರೆ ಬಿಸಿಲಕೋಲಿನ ದೂಳಿನ ಹಾಗೆ ಏನೋ ತೇಲಾಡುತ್ತಿರುತ್ತದೆ. ದೂಳು ಬಿದ್ದಲ್ಲಿ ಬೀಳುತ್ತದೆ. ಇದು ತನ್ನಿಷ್ಟದಂತೆ ತಿರುಗುತ್ತದೆ. ಆ ನೀರನ್ನು ಚಮಚದ ಲೆಕ್ಕದಲ್ಲಿ ಮರಿಗಳಿಗೆ ಕೊಡಬೇಕು. ಹೆಚ್ಚಾದರೆ ತೊಟ್ಟಿಯ ನೀರೇ ಕೆಟ್ಟು ಮರಿಗಳು ಸಾಯುತ್ತವೆ. ವಾರ ಕಳೆದ ಮೇಲೆ ಮೊಯಿನಾ ಎಂಬ ನೀರುಚಿಗಟ, ಅದಾದ ಮೇಲೆ ದೊಡ್ಡ ಹುಳ.

ಈ ಜೀವಿಗಳಿಗೆ ಇನ್ಫ್ಯೂಸೋರಿಯಾ ಎಂದು ಹೆಸರು. ನೆನೆಹಾಕಿದ ನೀರಿನಲ್ಲಿ ಹುಟ್ಟುವಂಥವು ಎಂದರ್ಥ. ಇವುಗಳ ಮೊದಲ ಪ್ರಸಿದ್ಧ ಭರಣಿ ಹುಲ್ಲಿನದಲ್ಲ, ಕಾಳುಮೆಣಸಿನದು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್‌ಗೆ, ಮೆಣಸು ನಾಲಿಗೆಯನ್ನು ಯಾಕೆ ಚುರುಗುಟ್ಟಿಸುತ್ತದೆ ಎಂಬ ಕುತೂಹಲವಿತ್ತು. 1676ರಲ್ಲಿ ಇಡೀ ಮೆಣಸನ್ನು ನೀರಿನಲ್ಲಿ ನೆನೆಸಿಟ್ಟು, ತಾನೇ ಉಜ್ಜಿ ತಯಾರಿಸಿದ ಮಸೂರದಲ್ಲಿ ನೋಡಿದ. ಖಾರದ ಗುಟ್ಟು ಕಾಣಲಿಲ್ಲ, ಲೆಕ್ಕವಿಲ್ಲದಷ್ಟು ಜೀವಿಗಳು ಕಂಡವು. ಅದೇ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಉದ್ದನೆಯ ಪತ್ರ ಬರೆದ. ಅಲ್ಲಿನವರು ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ತಾನೂ ಮೆಣಸು ನೆನೆಸಿ ನೋಡಿದ ಮೇಲೆ ನಂಬಿದರು.

ಆ ಹೊತ್ತಿಗೆ ನಮ್ಮ ಸೀಮೆಯನ್ನು ಆಳುತ್ತಿದ್ದವಳು ಕೆಳದಿ ಚೆನ್ನಮ್ಮ. ಘಟ್ಟದ ಮೇಲಿನ ಮೆಣಸು ಬಸರೂರು, ಹೊನ್ನಾವರಗಳ ಬಂದರಿಗೆ ಇಳಿಯುತ್ತಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿ ಕೆಳದಿಯ ಕರಾವಳಿಯಲ್ಲೂ ವ್ಯಾಪಾರ ಮಾಡುತ್ತಿತ್ತು, ಆ ಕಂಪನಿಯ ಒಂದು ಶಾಖೆ ಡೆಲ್ಫ್ಟ್‌ನಲ್ಲೇ ಇತ್ತು. ಲೇವನ್‌ಹುಕ್ ನೆನೆಸಿದ್ದು ನಮ್ಮ ಮೆಣಸೇ ಎಂದು ಬರೆದುಬಿಡುವ ಆಸೆಯೇನೋ ಆಗುತ್ತದೆ. ಆದರೆ ಡಚ್ಚರ ಮೆಣಸು ಮಲಬಾರಿನಿಂದ ಬಂದಷ್ಟೇ ಸಲೀಸಾಗಿ ಸುಮಾತ್ರಾದಿಂದಲೂ ಬರುತ್ತಿತ್ತು. ಊರಭಿಮಾನ ಪ್ರಬಂಧದ ಅಧ್ಯಾಯವಾಗಲಾರದು.

ಮತ್ತೆ ಜ್ವರಕ್ಕೆ ಬರುತ್ತೇನೆ. ಸೊಳ್ಳೆಮರಿಯನ್ನು ಮೀನು ತಿನ್ನುತ್ತದೆ ಎಂಬುದು ತಿಳಿದ ಮೇಲೆ ಸರ್ಕಾರಗಳು ಮೀನನ್ನು ಔಷಧಿಯಾಗಿ ನೋಡತೊಡಗಿದವು. ಅಮೆರಿಕದ ಗ್ಯಾಂಬೂಸಿಯಾ ಎಂಬ ಸಣ್ಣ ಮೀನು 1921ರಲ್ಲಿ ಸ್ಪೇನಿಗೆ, ಅಲ್ಲಿಂದ ಇಟಲಿಗೆ ಹೋಯಿತು. 1928ರಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ಡಾ. ಬಿ.ಎ. ರಾವ್ ಅದನ್ನು ಇಟಲಿಯಿಂದ ತರಿಸಿದರು. ಭಾರತಕ್ಕೆ ಗ್ಯಾಂಬೂಸಿಯಾ ಬಂದ ಬಾಗಿಲು ನಮ್ಮ ಸಂಸ್ಥಾನ. ಬಾವಿ, ತೊಟ್ಟಿ, ಕೊಳಗಳಲ್ಲಿ ಸೊಳ್ಳೆ ಮರಿಹಾಕುವ ಬೆಂಗಳೂರಿನಂಥ ಊರಿಗೆ ಅದು ಹೊಂದುವ ಉಪಾಯವೇ. ಆದರೆ ಘಟ್ಟದ ಸೀಮೆಯಲ್ಲಿ ಜ್ವರ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಹೆಸರಲ್ಲೇ ನದಿ ಇದೆ. ಅದು ಮೆಲ್ಲಗೆ ಹರಿಯುವ ಹಳ್ಳದ ಅಂಚಿನ ಹುಲ್ಲಿನಲ್ಲಿ ಬೆಳೆಯುತ್ತದೆ. ಹರಿಯುವ ಹಳ್ಳಕ್ಕೆ ಮೀನು ತಂದು ಬಿಟ್ಟು ಕಾಯುವುದು ಆಗುವ ಮಾತಲ್ಲ. ಇಲ್ಲಿ ಜ್ವರವನ್ನು ತಗ್ಗಿಸಿದ್ದು ಡಿಡಿಟಿ. 1946ರ ಹೊತ್ತಿಗೆ ಡಾ. ಡಿ.ಕೆ. ವಿಶ್ವನಾಥನ್ ಆಗಿನ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಮನೆಗೋಡೆಗಳಿಗೆ ಅದನ್ನು ಹೊಡೆಸಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಮ್ಮ ಗದ್ದೆ, ತೋಟದ ಬಸಿಗಾಲುವೆಗಳಲ್ಲಿ ನೀರಿನ ಮೇಲ್ಮೈಯಲ್ಲೇ ಹೊಂಚು ಹಾಕುವ, ನೆತ್ತಿಯ ಮೇಲೆ ಬೆಳ್ಳಿಚುಕ್ಕಿ ಹೊತ್ತ ಮೀನೊಂದಿದೆ. ಪಾಂಚಾಕ್ಸ್, ಶಾಸ್ತ್ರೀಯವಾಗಿ ಅಪ್ಲೋಕೈಲಸ್ ಲಿನಿಯಾಟಸ್. ಸೊಳ್ಳೆಮರಿ ಅದರ ಇಷ್ಟದ ಊಟ. ಮನೆಯಂಗಳದಲ್ಲೇ ಇಂಥದ್ದಿರುವಾಗ ಇಟಲಿಯಿಂದ ಯಾಕೆ ತರಬೇಕಿತ್ತು?

ಇದಕ್ಕೆ ಕಡತಕ್ಕಿಂತ ಭರಣಿಯೇ ನನಗೆ ಹೆಚ್ಚು ಹೇಳಿದೆ. ಪಾಂಚಾಕ್ಸ್ ಒಂದೇ ಸಲಕ್ಕೆ ರಾಶಿ ಮೊಟ್ಟೆ ಇಡುವುದಿಲ್ಲ. ದಿನಕ್ಕೆ ಕೆಲವನ್ನು ಪಾಚಿಯ ಎಳೆಗೆ ಅಂಟಿಸುತ್ತದೆ. ಅವನ್ನು ಹೆಕ್ಕಿ ಬೇರೆ ಇಡದಿದ್ದರೆ ಹೆತ್ತವೇ ತಿಂದಾವು. ಮರಿಯಾಗಲು ಸುಮಾರು ಎರಡು ವಾರ, ಆಮೇಲೆ ಭರಣಿಯ ನೀರು, ಮೊಯಿನಾ, ದಿನವೂ ಕಾವಲು. ಗ್ಯಾಂಬೂಸಿಯಾಕ್ಕೆ ಈ ಯಾವ ರಗಳೆಯೂ ಇಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿ ಹುಟ್ಟಿದ ಗಳಿಗೆಯಿಂದ ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ. ಇಂದು ಆರೋಗ್ಯ ಇಲಾಖೆಗಳು ಬಳಸುವ ಇನ್ನೊಂದು ಮೀನು ಗಪ್ಪಿಯೂ ಹಾಗೆಯೇ. ಸಿಮೆಂಟ್ ತೊಟ್ಟಿ ಕಟ್ಟಿ, ಮೀನು ಬಿಟ್ಟು, ಬಕೆಟ್ಟಿನಲ್ಲಿ ಮೊಗೆದು ಹಂಚಬಹುದು. ಬೆಳಗ್ಗೆ ಸಂಜೆ ನಾರುವ ಭರಣಿ ನೋಡಿಕೊಳ್ಳುವ ಕೆಲಸಕ್ಕೆ ಯಾವ ಇಲಾಖೆಯಲ್ಲೂ ಹುದ್ದೆಯಿಲ್ಲ. ದೇಸಿ ಮೀನು ಹಿಂದುಳಿದದ್ದು ಹೊಟ್ಟೆಬಾಕತನದಲ್ಲಲ್ಲ, ಬಾಣಂತನದ ಖರ್ಚಿನಲ್ಲಿ ಎಂದೇ ನಾನು ಓದಿಕೊಳ್ಳುತ್ತೇನೆ.

ಆ ಉಳಿತಾಯದ ಬೆಲೆಯನ್ನು ಬೇರೆಯವು ತೆತ್ತವು. ಗ್ಯಾಂಬೂಸಿಯಾ ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಗೊದಮೊಟ್ಟೆ, ಬೇರೆ ಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. ಜಗತ್ತಿನ ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳೆಂದು ಐಯುಸಿಎನ್ ಗುರುತಿಸಿದ ನೂರರ ಪಟ್ಟಿಯಲ್ಲಿ ಅದೂ ಇದೆ. ಹಾಗೆಂದು 1928ರವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ; ಊರುಗಳೇ ಜ್ವರದಲ್ಲಿ ಮಲಗಿದ್ದಾಗ ಗೊದಮೊಟ್ಟೆಯ ಲೆಕ್ಕ ಯಾರೂ ಇಡುವುದಿಲ್ಲ.

ಇನ್ನು ನಮ್ಮ ಪಾಂಚಾಕ್ಸ್. ಅದರ ಹಳದಿ ತಳಿ ‘ಗೋಲ್ಡನ್ ವಂಡರ್’ ಎಂಬ ಹೆಸರಲ್ಲಿ ಅಕ್ವೇರಿಯಂ ಅಂಗಡಿಗಳಲ್ಲಿ ಮಾರಾಟಕ್ಕಿದೆ. ಅದಕ್ಕೆ ಭರಣಿ ಇಟ್ಟವರು ದೇಶವಿದೇಶಗಳ ಹವ್ಯಾಸಿಗಳು. ಗುಂಪುಗುಂಪಾಗಿ ಮರಿಮಾಡಿಸಿ ಬಣ್ಣ ಆರಿಸಿದವರೂ ಅವರೇ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡ ನಿಗದಿಮಾಡಿತು. ಸರಿಯಾದದ್ದೇ. ಮೀನಿಗೆಂದು ಬಕೆಟ್ಟಿನಲ್ಲಿ ಸೊಳ್ಳೆಮರಿ ಬೆಳೆಸುವ ಹವ್ಯಾಸಿಗಳಿದ್ದಾರೆ, ಮರಿಮೀನು ಅದರಲ್ಲಿ ದಷ್ಟಪುಷ್ಟವಾಗುತ್ತದೆ ಎಂಬುದೂ ನಿಜ. ನಾನು ಆ ದಾರಿ ಹಿಡಿದಿಲ್ಲ. ಭರಣಿಗಳ ಬಟ್ಟೆಯನ್ನು ದಾರದಿಂದ ಬಿಗಿದು ಕಟ್ಟುತ್ತೇನೆ, ವಾರಕ್ಕೊಮ್ಮೆ ಬಟ್ಟೆ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ತಲೆಕೆಳಗಾಗಿ ಜೋತಾಡುವ ಮರಿ ಕಂಡರೆ ಕ್ಯೂಲೆಕ್ಸ್ ಅಥವಾ ಡೆಂಗಿಯ ಈಡಿಸ್, ನೀರಿನ ಮೇಲೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್. ಯಾವುದಾದರೂ ಸರಿ, ಆ ಭರಣಿಯ ನೀರು ನೇರ ದೊಡ್ಡ ಪಾಂಚಾಕ್ಸ್‌ಗಳ ತೊಟ್ಟಿಗೆ. ಅರ್ಧ ನಿಮಿಷದಲ್ಲಿ ಒಂದೂ ಉಳಿಯುವುದಿಲ್ಲ.