ಗರ್ಭಿಣಿಯ ಮನಃಕ್ಲೇಶವೂ ಶಿಶುವಿನ ಆರೋಗ್ಯವೂ

ಗರ್ಭಿಣಿಯ ಮನಸ್ಸಿನ ಸ್ಥಿತಿಯು ಶಿಶುವಿನ ದೇಹದಲ್ಲಿ ಫಲಿಸುವುದೆಂಬ ಭಾವನೆ ಭಾರತದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯು ನಾಲ್ಕನೆಯ ತಿಂಗಳ ಬಸುರಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆದು, ಅವಳ ಬಯಕೆಯನ್ನು ಕಡೆಗಣಿಸಿದರೆ ಶಿಶುವಿಗೆ ಅಂಗವೈಕಲ್ಯ ಒದಗುವುದೆಂದು ಎಚ್ಚರಿಸುತ್ತದೆ. ಈ ಕಾರ್ಯಕಾರಣ ನಿರೂಪಣೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪದು. ಆದರೆ ಬಯಕೆಯನ್ನು ಸಲ್ಲಿಸುವ ಹೊಣೆಯನ್ನು ಬಸುರಿಯ ಮೇಲೆ ಹೊರಿಸದೆ ಸುತ್ತಲಿನವರಿಗೆ ವಹಿಸಿರುವುದು ಗಮನಾರ್ಹವಾದ ಸಂಗತಿ.

ಆಧುನಿಕ ಶಾಸ್ತ್ರವು ಈ ವಿಷಯವನ್ನು ಬೇರೊಂದು ದಾರಿಯಿಂದ ತಲುಪಿತು. ಅಡ್ರಿನಲ್ ಗ್ರಂಥಿಯ ಹೊರಪದರದ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಹಾರ್ಮೋನುಗಳಲ್ಲಿ ಒಂದಾದ ಕಾರ್ಟಿಸಾಲ್ ಕಳವಳದ ಸಮಯದಲ್ಲಿ ರಕ್ತದಲ್ಲಿ ಹೆಚ್ಚುತ್ತದೆ. ಗರ್ಭಕಾಲದಲ್ಲಿ ಅದು ಸಹಜವಾಗಿಯೂ ಏರುತ್ತದೆ. ಮಾಸಿನಲ್ಲಿರುವ ಒಂದು ಕಿಣ್ವವು ಅದರ ಬಹುಭಾಗವನ್ನು ನಿಷ್ಕ್ರಿಯಗೊಳಿಸಿ ಶಿಶುವನ್ನು ಕಾಪಾಡುತ್ತದೆ. ಹಾಗೆಂದು ಕಾರ್ಟಿಸಾಲ್ ವಿಷವಲ್ಲ. ಶಿಶುವಿನ ಶ್ವಾಸಕೋಶ ಬಲಿಯಲು ಅದು ಬೇಕು. ಇದೇ ವರ್ಗದ ಔಷಧವನ್ನು ತಾಯಿಗೆ ಕೊಟ್ಟು, ಅಕಾಲದಲ್ಲಿ ಹುಟ್ಟುವ ಶಿಶುಗಳ ಉಸಿರಾಟವನ್ನು ಸುಧಾರಿಸಬಹುದೆಂದು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿಕೊಟ್ಟರು. ದೀರ್ಘಕಾಲದ ಮನಃಕ್ಲೇಶಕ್ಕೂ ಅಕಾಲಪ್ರಸವ ಹಾಗೂ ಶಿಶುವಿನ ಕಡಿಮೆ ತೂಕಕ್ಕೂ ಸಂಬಂಧವುಂಟೆಂದು ಅನೇಕ ಅಧ್ಯಯನಗಳು ಸೂಚಿಸಿವೆ. ಆದರೆ ಕಾರ್ಟಿಸಾಲ್ ಒಂದೇ ಇದಕ್ಕೆ ಕಾರಣವೆಂದು ಸಿದ್ಧಪಟ್ಟಿಲ್ಲ.

ಹುಟ್ಟುವಾಗಿನ ತೂಕಕ್ಕೆ ಎಷ್ಟು ದೂರದ ಪರಿಣಾಮವಿದೆಯೆಂಬುದನ್ನು ಕನ್ನಡ ನಾಡಿನ ದಾಖಲೆಗಳೇ ಸಾರುತ್ತವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, 3.1 ಕಿಲೋಗೂ ಮಿಗಿಲಾಗಿದ್ದವರಲ್ಲಿ ಅದು ಶೇಕಡ 3 ಮಾತ್ರ. ಆ ದಾಖಲೆಗಳು ತಾಯಂದಿರ ಮನಸ್ಸನ್ನು ಅಳೆದವಲ್ಲ. ಆದರೂ ಬಸುರಿಗೆ ದೊರೆತ ಆರೈಕೆಯ ಫಲ ಐವತ್ತು ವರ್ಷಗಳ ಮೇಲೂ ಕಾಣಿಸಿಕೊಳ್ಳಬಲ್ಲದೆಂಬ ಅನುಮಾನಕ್ಕೆ ಅವು ಆಧಾರ ಒದಗಿಸಿದವು.

ಮೈಸೂರಿನ ಆ ಬರವಣಿಗೆ ಆರಂಭವಾಗುವ ಮೊದಲೇ ಮುಂಬಯಿ ಪ್ರಾಂತವು ಕಾರ್ಯಪ್ರವೃತ್ತವಾಗಿತ್ತು. ಕಾರ್ಖಾನೆಯ ಹೆಂಗಸರಿಗೆ ಹೆರಿಗೆಯ ವಿಶ್ರಾಂತಿ ಮತ್ತು ಸಹಾಯಧನ ನೀಡುವ ಮಸೂದೆಯನ್ನು ಬೆಂಬಲಿಸಿ, ಡಾ. ಅಂಬೇಡ್ಕರ್ ಅವರು 1928ರಲ್ಲಿ ಪ್ರಾಂತೀಯ ಶಾಸನಸಭೆಯಲ್ಲಿ ಮಾತನಾಡಿದರು. ಹೆರಿಗೆಯ ಹಿಂದುಮುಂದಿನ ವಿಶ್ರಾಂತಿ ರಾಷ್ಟ್ರದ ಹಿತವೆಂದೂ, ಅದರ ಭಾರದ ಹೆಚ್ಚಿನ ಪಾಲನ್ನು ಸರ್ಕಾರವೇ ಹೊರಬೇಕೆಂದೂ ಅವರು ವಾದಿಸಿದರು. ಮಸೂದೆಯು 1929ರಲ್ಲಿ ಕಾಯಿದೆಯಾಯಿತು. ಹಾರ್ಮೋನಿನ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ದುಡಿಯುವ ತಾಯಿಯ ದಣಿವು ಮಾತ್ರ ಕಣ್ಣೆದುರಿಗಿತ್ತು.

ಮುಂದೆ 1961ರ ಕೇಂದ್ರ ಕಾಯಿದೆಯು 12 ವಾರಗಳ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿಯು, ಮೊದಲ ಎರಡು ಮಕ್ಕಳಿಗೆ, ಅದನ್ನು 26 ವಾರಗಳಿಗೆ ಏರಿಸಿತು. ಖಾರಿಯ ಈಚೆಗೆ 1970ರ ದಶಕದಿಂದ ಬೆಳೆದ ವಾಶಿಯಲ್ಲಿ, ಸೇತುವೆ ದಾಟಿ ಮುಂಬಯಿಯ ಕಚೇರಿಗೆ ಹೋಗುವ ಹೆಣ್ಣುಮಗಳಿಗೆ ಈ ರಜೆ ಸಿಕ್ಕೀತು. ಆಕೆಯ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ಸಂಬಳಸಹಿತ ರಜೆಯ ಈ ಹಕ್ಕಿಲ್ಲ. ಚಿಂತೆ ಮಾಡಬೇಡವೆಂದು ಬಸುರಿಗೆ ಬುದ್ಧಿ ಹೇಳುವುದು ಸುಲಭ. ಚಿಂತೆಯ ಕಾರಣವನ್ನು ಕಳೆಯುವುದು ಸಮಾಜದ ಕೆಲಸವೆಂಬುದನ್ನು ಮುಂಬಯಿ ಶಾಸನಸಭೆ 1929ರಲ್ಲಿಯೇ ಒಪ್ಪಿಕೊಂಡಿತ್ತು. ಆ ಒಪ್ಪಿಗೆ ಪೂರ್ಣವಾಗಿ ಈಡೇರುವುದು ಇನ್ನೂ ಬಾಕಿಯಿದೆ.