ಕಲ್ಪಿತ ಗಣಕಗಳ ವ್ಯಾಪಾರಸ್ಪರ್ಧೆ

ಒಂದೇ ಸರ್ವರಿನಲ್ಲಿ ಹಲವು ಕಲ್ಪಿತ ಗಣಕಗಳನ್ನು ಪ್ರತ್ಯೇಕ ಪ್ರತ್ಯೇಕವಾಗಿ ನಡೆಯಿಸುವ ವಿದ್ಯೆಗೆ ವರ್ಚುವಲೀಕರಣವೆಂದು ಹೆಸರು. ಐಬಿಎಂ ಸಂಸ್ಥೆಯು ೧೯೭೨ರಲ್ಲಿಯೇ ಇದನ್ನು ತನ್ನ ಮೇನ್‌ಫ್ರೇಮ್ ಗಣಕಗಳಿಗೆ ಒದಗಿಸಿದ್ದಿತಾದರೂ, ಸಾಮಾನ್ಯ ಸರ್ವರುಗಳ ಮಾರುಕಟ್ಟೆಯಲ್ಲಿ ಮೊದಲು ಪ್ರಾಬಲ್ಯವನ್ನು ಪಡೆದುದು ೨೦೦೧ರಲ್ಲಿ ಇಎಸ್‌ಎಕ್ಸ್ ತಂತ್ರಾಂಶವನ್ನು ಹೊರತಂದ ಕ್ಯಾಲಿಫೋರ್ನಿಯದ ವಿಎಂವೇರ್ ಸಂಸ್ಥೆಯು. ತರುವಾಯ ಪ್ರತಿಸ್ಪರ್ಧಿಗಳು ಎರಡು ದಿಕ್ಕುಗಳಿಂದ ಬಂದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಜೆನ್ ೨೦೦೩ರಲ್ಲಿಯೂ, ಲಿನಕ್ಸಿನ ಅಂಗವಾಗಿ ಕೆವಿಎಂ ೨೦೦೭ರಲ್ಲಿಯೂ ಮೂಲಸಂಕೇತಸಹಿತವಾಗಿ ಎಲ್ಲರಿಗೂ ದೊರೆತವು. ೨೦೦೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೈಪರ್-ವಿ ಎಂಬುದನ್ನು ವಿಂಡೋಸ್ ಸರ್ವರಿನೊಡನೆ ಸೇರಿಸಿಕೊಡಲು, ವಿಎಂವೇರ್ ಅದೇ ವರ್ಷ ಇಎಸ್‌ಎಕ್ಸ್‌ಐಯನ್ನು ಉಚಿತವಾಗಿ ಹಂಚಿ, ನಿರ್ವಹಣಾ ತಂತ್ರಾಂಶಕ್ಕೆ ಮಾತ್ರ ಬೆಲೆಯನ್ನು ಉಳಿಸಿಕೊಂಡಿತು.

ಆದರೆ ಉಚಿತವಾದುದೆಲ್ಲವೂ ಮುಕ್ತವಾದುದಲ್ಲ. ೨೦೨೩ರ ನವೆಂಬರಿನಲ್ಲಿ ವಿಎಂವೇರನ್ನು ಕೊಂಡ ಬ್ರಾಡ್‌ಕಾಮ್ ಸಂಸ್ಥೆಯು ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾಪದ್ಧತಿಯನ್ನು ವಿಧಿಸಿತು. ಉಚಿತ ಇಎಸ್‌ಎಕ್ಸ್‌ಐಯನ್ನು ೨೦೨೪ರಲ್ಲಿ ಹಿಂತೆಗೆದುಕೊಂಡು, ೨೦೨೫ರಲ್ಲಿ ಮರಳಿ ನೀಡಿತು. ಕೊಡುವುದೂ ಕಸಿಯುವುದೂ ಒಡೆಯನ ಇಚ್ಛೆಯೇ ಆಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ. ಕೆವಿಎಂ ವಿಷಯದಲ್ಲಿಯಾದರೋ ಮೂಲಸಂಕೇತವು ಲೋಕದ ಕೈಸೇರಿರುವುದರಿಂದ ಅದನ್ನು ಯಾರೂ ಹಿಂತೆಗೆದುಕೊಳ್ಳಲಾರರು. ಆದಕಾರಣ ಈ ಸ್ಪರ್ಧೆಯಿಂದ ಗ್ರಾಹಕನಿಗೆ ಉಳಿದ ಸ್ಥಿರವಾದ ಲಾಭವು ಬೆಲೆಯ ಇಳಿತವಲ್ಲ, ಬೇರೊಂದನ್ನು ಆರಿಸಿಕೊಳ್ಳಲು ಇರುವ ಅವಕಾಶ.